ನಡುಪಟ್ಟಿಯೂ ಗುರುಪದವಿಯೂ

ಕಲಿಯುವುದು ಒಂದು ವಿದ್ಯೆ. ಕಲಿಸುವುದು ಮತ್ತೊಂದು ವಿದ್ಯೆ. ಈಜಬಲ್ಲವರೆಲ್ಲರೂ ಈಜು ಕಲಿಸಬಲ್ಲವರಲ್ಲ. ಇಂಪಾಗಿ ಹಾಡಬಲ್ಲವರೆಲ್ಲರೂ ಸಂಗೀತದ ಗುರುಗಳಾಗಲಾರರು. ದೇಹವನ್ನೇ ಆಯುಧವನ್ನಾಗಿ ಪಳಗಿಸುವ ವಿದ್ಯೆಗಳಲ್ಲಿ ಈ ಭೇದವು ಇನ್ನೂ ಮುಖ್ಯವಾದುದು. ಹಲಗೆಯ ಮೇಲೆ ಬರೆದ ಲೆಕ್ಕ ತಪ್ಪಾದರೆ ಅದನ್ನು ಅಳಿಸಿ ಮತ್ತೆ ಬರೆಯಬಹುದು. ಎಳೆಯ ಹುಡುಗನ ತಲೆಯ ಮೇಲೆ ತಪ್ಪಾಗಿ ಬಿದ್ದ ಒದೆಯನ್ನು ಅಳಿಸುವ ಬಟ್ಟೆ ಯಾವ ಅಂಗಡಿಯಲ್ಲಿಯೂ ದೊರೆಯದು. ಆದುದರಿಂದಲೇ ಇಂತಹ ವಿದ್ಯೆಗಳಲ್ಲಿ ಗುರುವಿನ ಅರ್ಹತೆಯ ಪ್ರಶ್ನೆ ಎಲ್ಲ ಕಾಲಗಳಲ್ಲಿಯೂ ಎದ್ದಿದೆ.

ಬಳ್ಳಾರಿ ಸೀಮೆಗೆ ಈ ಪ್ರಶ್ನೆ ಹೊಸತಲ್ಲ. ೧೨ನೆಯ ಶತಮಾನದಲ್ಲಿ ಕುರುಗೋಡು ಸಿಂದ ಮನೆತನದ ಅರಸರ ರಾಜಧಾನಿಯಾಗಿತ್ತು. ಆ ಸಿಂದರು ಕಲ್ಯಾಣದ ಚಾಳುಕ್ಯರ ಸಾಮಂತರು. ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಅದೇ ಶತಮಾನದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅಡುಗೆಯಿಂದ ಆನೆಯ ಪಾಲನೆಯವರೆಗೆ ನೂರು ವಿಷಯಗಳನ್ನು ವಿವರಿಸುವ ಆ ಗ್ರಂಥದಲ್ಲಿ ಮಲ್ಲವಿದ್ಯೆಗೂ ಒಂದು ಸ್ಥಾನ ದೊರೆತಿದೆ. ಮಲ್ಲರನ್ನು ಅವರ ವಯಸ್ಸು ಮತ್ತು ಬಲಗಳಿಗೆ ಅನುಸಾರವಾಗಿ ವರ್ಗಗಳನ್ನಾಗಿ ವಿಂಗಡಿಸಬೇಕೆಂದೂ, ಅವರ ಆಹಾರ ಮತ್ತು ವ್ಯಾಯಾಮಗಳಿಗೆ ಕ್ರಮವಿರಬೇಕೆಂದೂ ಅದು ಹೇಳುತ್ತದೆ. ಎಳೆಯನನ್ನು ಬಲಿತವನ ಎದುರು ನಿಲ್ಲಿಸಬಾರದೆಂಬ ವಿವೇಕ ಒಂಬತ್ತು ನೂರು ವರ್ಷಗಳ ಹಿಂದೆಯೇ ಈ ನಾಡಿನಲ್ಲಿತ್ತು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ವಿಜಯನಗರದ ಕಾಲಕ್ಕೆ ಬಂದರೆ ಚಿತ್ರವು ಇನ್ನೂ ಸ್ಪಷ್ಟವಾಗುತ್ತದೆ. ಹಂಪಿಯು ೨೦೨೧ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಸುಮಾರು ೧೫೨೦ರಲ್ಲಿ ಆ ನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಮಹಾನವಮಿಯ ಉತ್ಸವದಲ್ಲಿ ಮಲ್ಲರ ಕಾಳಗವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅದು ಕೇವಲ ಹಿಡಿದು ಕೆಡಹುವ ಕುಸ್ತಿಯಾಗಿರಲಿಲ್ಲ, ಹೊಡೆತಗಳೂ ಇದ್ದವು, ಹಲ್ಲು ಮುರಿದವರೂ ಕಣ್ಣು ಕಳೆದುಕೊಂಡವರೂ ಇದ್ದರು. ಆದರೆ ಆ ಮಲ್ಲರಿಗೆ ನಾಯಕರಿದ್ದರು, ಸೋಲುಗೆಲುವುಗಳನ್ನು ನಿರ್ಣಯಿಸುವ ತೀರ್ಪುಗಾರರೂ ಇದ್ದರು. ಕೃಷ್ಣದೇವರಾಯನು ಬೆಳಗಾಗುವ ಮೊದಲೇ ಎದ್ದು, ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ತಿಕ್ಕಿಸಿಕೊಂಡು, ಭಾರವೆತ್ತಿ, ಕತ್ತಿವರಸೆ ಮಾಡಿ, ಬಳಿಕ ತನ್ನ ಮಲ್ಲರಲ್ಲಿ ಒಬ್ಬನೊಡನೆ ಸೆಣಸುತ್ತಿದ್ದನೆಂದು ಅದೇ ಪ್ರವಾಸಿ ತಿಳಿಸುತ್ತಾನೆ. ಚಕ್ರವರ್ತಿಯೊಡನೆ ಸೆಣಸುವವನ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಬಲವನ್ನು ಪ್ರಯೋಗಿಸದಿದ್ದರೆ ಅರಸನಿಗೆ ಸಾಧನೆಯಾಗದು. ಮಿತಿಮೀರಿ ಪ್ರಯೋಗಿಸಿದರೆ ಅರಸನಿಗೆ ಅಪಾಯ. ಎಷ್ಟು ಬಲ, ಯಾವಾಗ, ಯಾರ ಮೇಲೆ ಎಂಬ ಈ ಅಳತೆಯೇ ಶಿಕ್ಷಕನ ಮೊದಲನೆಯ ಗುಣ.

ಮುಂದೆ ಈ ಪರಂಪರೆಯು ಗರಡಿಮನೆಗಳಲ್ಲಿ ಉಳಿದು ಬಂದಿತು. ಕೆಮ್ಮಣ್ಣಿನ ಅಖಾಡ, ಆಂಜನೇಯನ ಪಟ, ಮೂಲೆಯಲ್ಲಿ ಗದೆ ಮತ್ತು ಲೋಡು, ಬೆಳಗಿನ ಜಾವದ ದಂಡ-ಬಸ್ಕಿಗಳು ಗರಡಿಯ ಗುರುತುಗಳು. ಅಲ್ಲಿ ಉಸ್ತಾದನ ಮಾತೇ ಕಟ್ಟಳೆ. ಉಸ್ತಾದನಾದವನು ಯಾವ ಪ್ರಮಾಣಪತ್ರವನ್ನೂ ತೋರಿಸುತ್ತಿರಲಿಲ್ಲ. ತೋರಿಸಬೇಕಾದ ಅಗತ್ಯವೂ ಇರಲಿಲ್ಲ. ಅವನು ಯಾರ ಕೈಕೆಳಗೆ ತಾಲೀಮು ಮಾಡಿದನು, ಎಷ್ಟು ವರ್ಷ ಮಾಡಿದನು, ಅವನ ನಡತೆ ಎಂತಹುದು ಎಂಬುದು ಊರಿಗೆ ಊರೇ ಬಲ್ಲ ಸಂಗತಿಯಾಗಿತ್ತು. ಊರೇ ಅವನ ಪರೀಕ್ಷಕ, ಊರೇ ಅವನ ಪ್ರಮಾಣಪತ್ರ.

ದೂರದೇಶದಲ್ಲಿ ಹುಟ್ಟಿದ ವಿದ್ಯೆಯೊಂದು ಊರಿಗೆ ಬಂದಾಗ ಈ ವ್ಯವಸ್ಥೆ ಸಾಲದಾಗುತ್ತದೆ. ಬಿಳಿಯ ಉಡುಪು ತೊಟ್ಟು, ನಡುವಿಗೆ ಕಪ್ಪು ಪಟ್ಟಿ ಬಿಗಿದು, ಎತ್ತರಕ್ಕೆ ಕಾಲೆತ್ತಿ ಒದೆಯುವ ಯುವಕನೊಬ್ಬನು ಶಾಲೆಯ ಅಂಗಳಕ್ಕೆ ಬಂದು ‘ನಾನು ಟೇಕ್ವಾಂಡೊ ಶಿಕ್ಷಕ’ ಎಂದರೆ, ಅವನು ಕಲಿತುದು ಎಲ್ಲಿ, ಎಷ್ಟು ಎಂಬುದನ್ನು ಊರಿನವರು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ವಿದ್ಯೆಯ ಚರಿತ್ರೆಯನ್ನು ಸ್ವಲ್ಪ ಅರಿಯಬೇಕು.

ಟೇಕ್ವಾಂಡೊ ಕೊರಿಯಾ ದೇಶದ ವಿದ್ಯೆ. ಆ ಭಾಷೆಯಲ್ಲಿ ‘ಟೇ’ ಎಂದರೆ ಕಾಲು ಅಥವಾ ಕಾಲಿನ ಹೊಡೆತ; ‘ಕ್ವಾನ್’ ಎಂದರೆ ಮುಷ್ಟಿ; ‘ದೊ’ ಎಂದರೆ ಮಾರ್ಗ. ಕಾಲು ಮತ್ತು ಕೈಗಳ ಮೂಲಕ ಸಾಧಿಸುವ ಮಾರ್ಗ ಎಂಬುದು ಪದದ ಅರ್ಥ. ೧೯೧೦ರಿಂದ ೧೯೪೫ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಗೆ ಒಳಪಟ್ಟಿತ್ತು. ಸ್ವಾತಂತ್ರ್ಯ ದೊರೆತ ಮೇಲೆ ಸಿಯೋಲ್ ನಗರದಲ್ಲಿ ಅನೇಕ ಗರಡಿಗಳು ತಲೆಯೆತ್ತಿದವು. ಇವುಗಳನ್ನು ಅಲ್ಲಿ ‘ಕ್ವಾನ್’ ಎಂದೇ ಕರೆಯುತ್ತಿದ್ದರು. ಇದು ಮುಷ್ಟಿಯೆಂಬ ಅರ್ಥದ ಪದವಲ್ಲ, ಶಾಲೆಯೆಂಬ ಅರ್ಥದ ಬೇರೊಂದು ಪದ. ಜಪಾನಿನ ಕರಾಟೆಯ ಪ್ರಭಾವವೂ ದೇಶೀಯ ಕಾಲಾಟಗಳ ನೆನಪೂ ಇವುಗಳಲ್ಲಿ ಬೆರೆತಿದ್ದವು. ಒಂದೊಂದು ಗರಡಿಗೂ ಒಂದೊಂದು ಹೆಸರು, ಒಂದೊಂದು ಪಾಠಕ್ರಮ, ಒಂದೊಂದು ಬಗೆಯ ಪ್ರಮಾಣಪತ್ರ. ೧೯೫೫ರಲ್ಲಿ ಸೇನಾಧಿಕಾರಿ ಚೋಯ್ ಹಾಂಗ್ ಹಿ ಮೊದಲಾದವರ ಪ್ರಯತ್ನದಿಂದ ‘ಟೇಕ್ವಾಂಡೊ’ ಎಂಬ ಹೆಸರು ಬಳಕೆಗೆ ಬಂದಿತು. ೧೯೬೬ರಲ್ಲಿ ಚೋಯ್ ಅವರು ಅಂತರರಾಷ್ಟ್ರೀಯ ಟೇಕ್ವಾಂಡೊ ಒಕ್ಕೂಟವನ್ನು ಸ್ಥಾಪಿಸಿದರು. ೧೯೭೨ರಲ್ಲಿ ಸಿಯೋಲಿನಲ್ಲಿ ‘ಕುಕ್ಕಿವಾನ್’ ಎಂಬ ಕೇಂದ್ರ ಭವನವು ಸಿದ್ಧವಾಯಿತು. ೧೯೭೩ರಲ್ಲಿ ವಿಶ್ವ ಟೇಕ್ವಾಂಡೊ ಒಕ್ಕೂಟವು ಹುಟ್ಟಿತು. ೧೯೮೮ ಮತ್ತು ೧೯೯೨ರ ಒಲಿಂಪಿಕ್ ಕ್ರೀಡೆಗಳಲ್ಲಿ ಪ್ರದರ್ಶನಕ್ಕಾಗಿ ಸೇರಿದ್ದ ಈ ಆಟವು ೨೦೦೦ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಪದಕದ ಆಟವಾಯಿತು.

ಭಾರತಕ್ಕೆ ಟೇಕ್ವಾಂಡೊ ಬಂದುದು ೧೯೭೦ರ ದಶಕದ ನಡುಭಾಗದಲ್ಲಿ. ೨೦೦೨ರ ಬೂಸಾನ್ ಏಷ್ಯನ್ ಕ್ರೀಡೆಗಳಲ್ಲಿ ಸುರೇಂದ್ರ ಭಂಡಾರಿಯವರು ಭಾರತಕ್ಕೆ ಕಂಚಿನ ಪದಕ ತಂದರು. ೨೦೨೧ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸಿನಲ್ಲಿ ಹರಿಯಾಣದ ಅರುಣಾ ತನ್ವರ್ ಈ ಆಟದಲ್ಲಿ ಭಾರತವನ್ನು ಪ್ರತಿನಿಧಿಸಿದರು. ಹೀಗೆ ಮಹಾನಗರಗಳಲ್ಲಿ ಬೇರೂರಿದ ವಿದ್ಯೆಯು ಕ್ರಮೇಣ ಜಿಲ್ಲಾ ಕೇಂದ್ರಗಳಿಗೂ ತಾಲ್ಲೂಕು ಪಟ್ಟಣಗಳಿಗೂ ಹರಡುತ್ತ ಬಂದಿದೆ.

ಕುಕ್ಕಿವಾನ್ ಏಕೆ ಬೇಕಾಯಿತು ಎಂಬುದು ಗಮನಿಸತಕ್ಕ ಸಂಗತಿ. ಒಂದೊಂದು ಗರಡಿಯೂ ತನ್ನದೇ ಪ್ರಮಾಣಪತ್ರ ಕೊಡುತ್ತಿದ್ದಾಗ ಒಂದು ಊರಿನ ಪದವಿಗೆ ಮತ್ತೊಂದು ಊರಿನಲ್ಲಿ ಬೆಲೆಯಿರಲಿಲ್ಲ. ಸೇರು, ಪಾವು, ಚಟಾಕುಗಳು ಊರಿಗೊಂದು ಬಗೆಯಾಗಿದ್ದಾಗ ವ್ಯಾಪಾರಕ್ಕೆ ಒದಗುತ್ತಿದ್ದ ತೊಡಕೇ ಇಲ್ಲಿಯೂ ಒದಗಿತು. ಎಲ್ಲೆಡೆ ಒಂದೇ ಅಳತೆ ಇರಲೆಂದು ಕಿಲೋಗ್ರಾಂ ಬಂದಂತೆ, ಕಲಿತವರ ಯೋಗ್ಯತೆಗೆ ಒಂದೇ ಅಳತೆ ಇರಲೆಂದು ಕುಕ್ಕಿವಾನಿನ ಶ್ರೇಣಿಗಳು ಬಂದವು. ಅಂತರರಾಷ್ಟ್ರೀಯ ಒಕ್ಕೂಟವು ತನ್ನದೇ ಪಾಠಕ್ರಮವನ್ನು ಉಳಿಸಿಕೊಂಡು ಪ್ರತ್ಯೇಕವಾಗಿ ನಡೆದುಕೊಂಡು ಬಂದಿದೆ. ಒಲಿಂಪಿಕ್ ಸ್ಪರ್ಧೆಗಳು ವಿಶ್ವ ಒಕ್ಕೂಟದ ನಿಯಮಗಳಿಗೆ ಅನುಸಾರವಾಗಿ ನಡೆಯುತ್ತವೆ.

ಈ ಶ್ರೇಣಿಗಳಲ್ಲಿ ಎರಡು ಭಾಗಗಳುಂಟು. ಮೊದಲನೆಯ ಭಾಗಕ್ಕೆ ‘ಗುಪ್’ ಎಂದೂ ಎರಡನೆಯ ಭಾಗಕ್ಕೆ ‘ಡಾನ್’ ಎಂದೂ ಹೆಸರು. ಗುಪ್ ಹಂತಗಳ ಎಣಿಕೆ ಇಳಿಮುಖವಾದುದು. ಕಲಿತಂತೆಲ್ಲ ಸಂಖ್ಯೆ ಕಡಿಮೆಯಾಗುತ್ತ ಒಂದಕ್ಕೆ ಬಂದು ಮುಗಿಯುತ್ತದೆ. ಅಲ್ಲಿಂದ ಡಾನ್ ಹಂತಗಳು ಒಂದರಿಂದ ಆರಂಭವಾಗಿ ಒಂಬತ್ತರವರೆಗೆ ಏರುತ್ತವೆ. ಗುಪ್ ಹಂತದವರ ನಡುಪಟ್ಟಿಗೆ ಬಣ್ಣಗಳುಂಟು: ಬಿಳಿ, ಹಳದಿ, ಹಸಿರು, ನೀಲಿ, ಕೆಂಪು. ಡಾನ್ ಹಂತದವರದು ಕಪ್ಪು. ಈ ಬಣ್ಣಗಳಿಗೆ ಬಲ್ಲವರು ಹೇಳುವ ಅರ್ಥವು ಸಿರುಗುಪ್ಪದ ಭತ್ತದ ಗದ್ದೆಗಳನ್ನು ಕಂಡವರಿಗೆ ಸುಲಭವಾಗಿ ತಿಳಿಯತಕ್ಕದ್ದು. ಬಿಳಿಯು ಏನನ್ನೂ ಅರಿಯದ ಶುದ್ಧಸ್ಥಿತಿ. ಹಳದಿಯು ಬೀಜ ಬೇರುಬಿಡುವ ಮಣ್ಣು. ಹಸಿರು ಮೇಲೆದ್ದ ಪೈರು. ನೀಲಿ ಆ ಪೈರು ದೃಷ್ಟಿಯಿಟ್ಟ ಆಕಾಶ. ಕೆಂಪು ಎಚ್ಚರಿಕೆಯ ಬಣ್ಣ: ಎದುರಾಳಿಗೆ ಹತ್ತಿರ ಬರಬೇಡವೆಂಬ ಎಚ್ಚರಿಕೆ, ಕಲಿತವನಿಗೆ ನಿನ್ನನ್ನು ನೀನು ಹಿಡಿದುಕೋ ಎಂಬ ಎಚ್ಚರಿಕೆ. ಕಪ್ಪು ಬಿಳಿಗೆ ಎದುರಾದ ಪಕ್ವತೆಯ ಬಣ್ಣ.

ಕಪ್ಪು ಪಟ್ಟಿ ದೊರೆತೊಡನೆ ವಿದ್ಯೆಯು ಮುಗಿಯಿತೆಂದು ಜನರು ಭಾವಿಸುವುದುಂಟು. ವಾಸ್ತವವಾಗಿ ಆಗ ಅದು ಆರಂಭವಾಗುತ್ತದೆ. ಒಂದನೆಯ ಡಾನ್ ಎಂಬ ಹೆಸರೇ ಇದನ್ನು ಹೇಳುತ್ತದೆ. ಅಕ್ಷರಮಾಲೆಯನ್ನು ಕಲಿತು ಮುಗಿಸಿದ ಬಾಲಕನು ಓದಲು ಸಿದ್ಧನಾಗಿದ್ದಾನೆಯೇ ಹೊರತು ಪಂಡಿತನಾಗಿಲ್ಲ. ಸಿರುಗುಪ್ಪದ ಬಾಲಕಿಯೊಬ್ಬಳು ಹನ್ನೆರಡನೆಯ ವಯಸ್ಸಿನಲ್ಲಿ ಅಭ್ಯಾಸವನ್ನು ಆರಂಭಿಸಿದಳೆಂದು ಭಾವಿಸೋಣ. ಹದಿನೈದು ವರ್ಷ ತುಂಬದವರಿಗೆ ಕುಕ್ಕಿವಾನ್ ಡಾನ್ ಪದವಿಯನ್ನು ಕೊಡುವುದಿಲ್ಲ. ಅವರಿಗಾಗಿ ‘ಪೂಮ್’ ಎಂಬ ಬೇರೆ ಶ್ರೇಣಿಯುಂಟು. ಆದುದರಿಂದ ಅವಳು ತಪ್ಪದೆ ಅಭ್ಯಾಸ ಮಾಡಿ ಹದಿನೈದಕ್ಕೆ ಒಂದನೆಯ ಡಾನ್ ಪಡೆದಳೆನ್ನೋಣ. ಒಂದರಿಂದ ಎರಡಕ್ಕೆ ಏರಲು ಕನಿಷ್ಠ ಒಂದು ವರ್ಷ, ಎರಡರಿಂದ ಮೂರಕ್ಕೆ ಎರಡು ವರ್ಷ, ಮೂರರಿಂದ ನಾಲ್ಕಕ್ಕೆ ಮೂರು ವರ್ಷ ಅಭ್ಯಾಸ ನಡೆದಿರಬೇಕು. ಹೀಗೆ ಹದಿನಾರಕ್ಕೆ ಎರಡನೆಯದು, ಹದಿನೆಂಟಕ್ಕೆ ಮೂರನೆಯದು, ಇಪ್ಪತ್ತೊಂದಕ್ಕೆ ನಾಲ್ಕನೆಯದು. ಅವಳ ಸಹಪಾಠಿಗಳು ಪ್ರೌಢಶಾಲೆ ಮುಗಿಸಿ, ಪದವಿಪೂರ್ವ ತರಗತಿಗಳನ್ನು ದಾಟಿ, ಪದವೀಧರರಾಗುವ ಹೊತ್ತಿಗೆ ಅವಳು ನಾಲ್ಕನೆಯ ಡಾನಿಗೆ ತಲುಪುತ್ತಾಳೆ. ಆಗ ಮಾತ್ರ ಅವಳು ಕುಕ್ಕಿವಾನಿನ ಶಿಕ್ಷಕರ ತರಬೇತಿಗೆ ಸೇರಲು ಅರ್ಹಳು. ಆ ತರಬೇತಿಯಲ್ಲಿಯೂ ಮೂರು ದರ್ಜೆಗಳಿವೆ. ನಾಲ್ಕು ಮತ್ತು ಐದನೆಯ ಡಾನಿನವರು ಮೂರನೆಯ ದರ್ಜೆಗೂ, ಆರು ಮತ್ತು ಏಳನೆಯವರು ಎರಡನೆಯ ದರ್ಜೆಗೂ, ಎಂಟು ಮತ್ತು ಒಂಬತ್ತನೆಯವರು ಮೊದಲನೆಯ ದರ್ಜೆಗೂ ಅರ್ಹರು. ಅಂತರರಾಷ್ಟ್ರೀಯ ಒಕ್ಕೂಟದಲ್ಲಿಯೂ ಮೊದಲ ಮೂರು ಡಾನಿನವರನ್ನು ಸಹಾಯಕ ಶಿಕ್ಷಕರೆಂದೂ, ನಾಲ್ಕರಿಂದ ಆರರವರೆಗಿನವರನ್ನು ‘ಸಬಮ್’ ಎಂದರೆ ಶಿಕ್ಷಕರೆಂದೂ ಕರೆಯುತ್ತಾರೆ. ಎರಡು ಒಕ್ಕೂಟಗಳೂ ಬೇರೆಬೇರೆಯಾಗಿದ್ದರೂ ನಾಲ್ಕನೆಯ ಡಾನನ್ನೇ ಗುರುಪದವಿಯ ಹೊಸ್ತಿಲೆಂದು ಭಾವಿಸಿರುವುದು ಅರ್ಥಪೂರ್ಣವಾಗಿದೆ.

ಈ ಹಂತಗಳ ಪರೀಕ್ಷೆಯಲ್ಲಿ ಏನನ್ನು ನೋಡುತ್ತಾರೆ? ಮೊದಲನೆಯದು ‘ಪೂಮ್ಸೆ’. ಕಾಣದ ಎದುರಾಳಿಯೊಡನೆ ಹೋರಾಡುವಂತೆ ನಿಶ್ಚಿತ ಕ್ರಮದಲ್ಲಿ ಮಾಡುವ ಚಲನೆಗಳ ಮಾಲೆಗೆ ಆ ಹೆಸರು. ನಮ್ಮ ನಾಡಿನ ವರಸೆಗಳನ್ನು ಇದಕ್ಕೆ ಹೋಲಿಸಬಹುದು. ಗುಪ್ ಹಂತದಲ್ಲಿ ಕಲಿಯುವ ಎಂಟು ಮಾಲೆಗಳು ಆಕಾಶ, ಸರೋವರ, ಬೆಂಕಿ, ಗುಡುಗು, ಗಾಳಿ, ನೀರು, ಪರ್ವತ, ಭೂಮಿ ಎಂಬ ಎಂಟು ತತ್ತ್ವಗಳನ್ನು ಸೂಚಿಸುತ್ತವೆ. ಎರಡನೆಯದು ‘ಕ್ಯೋರುಗಿ’, ಎಂದರೆ ಇಬ್ಬರ ನಡುವಿನ ಸೆಣಸು. ಮೂರನೆಯದು ‘ಕ್ಯೋಕ್ಪಾ’, ಎಂದರೆ ಹಲಗೆ ಮೊದಲಾದವುಗಳನ್ನು ಒಡೆಯುವುದು. ನೋಡುವವರ ಕಣ್ಣಿಗೆ ಮೂರನೆಯದೇ ಹಿರಿದಾಗಿ ಕಾಣುತ್ತದೆ. ಆದರೆ ಬಲ್ಲ ಪರೀಕ್ಷಕನು ಮೊದಲನೆಯದನ್ನೇ ಹೆಚ್ಚು ಸೂಕ್ಷ್ಮವಾಗಿ ನೋಡುತ್ತಾನೆ. ಹೆಜ್ಜೆಯ ಸಮತೋಲ, ಉಸಿರಿನ ಹಿಡಿತ, ದೃಷ್ಟಿಯ ಸ್ಥಿರತೆಗಳು ಅಲ್ಲಿ ಬಚ್ಚಿಟ್ಟುಕೊಳ್ಳಲಾರವು.

ಇಷ್ಟಾದರೂ ಅದು ತಾನು ಮಾಡಬಲ್ಲೆನೆಂಬುದಕ್ಕೆ ಸಾಕ್ಷಿಯೇ ಹೊರತು ಇನ್ನೊಬ್ಬರಿಗೆ ಕಲಿಸಬಲ್ಲೆನೆಂಬುದಕ್ಕೆ ಪೂರ್ಣ ಸಾಕ್ಷಿಯಲ್ಲ. ಕಲಿಸತಕ್ಕವನು ಮೊದಲು ಮಾನವ ಶರೀರವನ್ನು ಅರಿತಿರಬೇಕು. ಹತ್ತು ವರ್ಷದ ಮಗುವು ಇಪ್ಪತ್ತು ವರ್ಷದ ತರುಣನ ಚಿಕ್ಕ ಪ್ರತಿಯಲ್ಲ. ಮಗುವಿನ ಉದ್ದ ಮೂಳೆಗಳ ತುದಿಗಳಲ್ಲಿ ಇನ್ನೂ ಬೆಳೆಯುತ್ತಿರುವ ಮೃದುವಾದ ಭಾಗವುಂಟು. ಅಲ್ಲಿಗೆ ಬಲವಾದ ಪೆಟ್ಟು ಬಿದ್ದರೆ ಆ ಮೂಳೆಯ ಬೆಳವಣಿಗೆಯೇ ಕುಂಠಿತವಾಗಬಹುದು. ಆದುದರಿಂದ ಸಭೆಯ ಚಪ್ಪಾಳೆಗಾಗಿ ಎಳೆಯರ ಕೈಯಿಂದ ಹಂಚು ಹಲಗೆಗಳನ್ನು ಒಡೆಯಿಸುವವನು ಗುರುವಲ್ಲ. ಮೈಯನ್ನು ಬಿಸಿಮಾಡಿಕೊಳ್ಳದೆ ಎತ್ತರದ ಒದೆಗಳನ್ನು ಮಾಡಿಸಿದರೆ ತೊಡೆಯ ಸ್ನಾಯುಗಳು ಹರಿಯುತ್ತವೆ. ತಲೆಗೆ ಪೆಟ್ಟು ಬಿದ್ದು ಕಣ್ಣು ಮಂಜಾದವನನ್ನು, ಮಾತು ತೊದಲಿದವನನ್ನು, ವಾಂತಿ ಮಾಡಿಕೊಂಡವನನ್ನು ಆ ದಿನ ಮತ್ತೆ ಅಂಕಣಕ್ಕೆ ಇಳಿಸಲೇಬಾರದು. ವೈದ್ಯರ ಬಳಿಗೆ ಕಳುಹಿಸಬೇಕು. ‘ಏಳು, ಧೈರ್ಯಗೆಡಬೇಡ’ ಎಂಬ ಒಂದು ಮಾತು ಅಂತಹ ಸಮಯದಲ್ಲಿ ಪ್ರೋತ್ಸಾಹವಲ್ಲ, ಅಪರಾಧ.

ಬಳ್ಳಾರಿಯಲ್ಲಿ ಕಲಿಸುವವನು ಬಳ್ಳಾರಿಯ ಬಿಸಿಲನ್ನೂ ಅರಿತಿರಬೇಕು. ಬೇಸಗೆಯ ದಿನಗಳಲ್ಲಿ ಇಲ್ಲಿ ಉಷ್ಣತೆಯು ೪೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದುಂಟು. ಕೋಟೆಯ ಬೆಟ್ಟದ ಬಂಡೆಗಳು ಹಗಲೆಲ್ಲ ಹೀರಿದ ಕಾವನ್ನು ಸಂಜೆಯ ಹೊತ್ತಿಗೆ ಹೊರಸೂಸುತ್ತವೆ. ಕೊರಿಯಾದ ಚಳಿಯ ನಾಡಿನಲ್ಲಿ ಬರೆದ ವೇಳಾಪಟ್ಟಿಯನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಅನಾಹುತವಾಗುತ್ತದೆ. ಅಭ್ಯಾಸವು ಬೆಳಗಿನ ತಂಪಿನಲ್ಲಿ ಮುಗಿಯಬೇಕು. ನಡುನಡುವೆ ನೀರು ಕುಡಿಯಲು ಬಿಡುವಿರಬೇಕು. ಬಾಯಾರಿಕೆಯನ್ನು ತಡೆಯುವುದೇ ಶಿಸ್ತೆಂದು ಹೇಳುವವರ ಮಾತು ಶರೀರಶಾಸ್ತ್ರಕ್ಕೆ ವಿರುದ್ಧವಾದುದು. ಕಾವು ತಲೆಗೇರಿ ಹುಡುಗನು ತಡವರಿಸಿದರೆ ಅವನನ್ನು ಕೂಡಲೇ ನೆರಳಿಗೆ ಒಯ್ದು, ಮೈಗೆ ತಣ್ಣೀರು ಹಚ್ಚಿ, ಗಾಳಿ ಹಾಕಿ, ಆಸ್ಪತ್ರೆಗೆ ಸಾಗಿಸುವ ಕ್ರಮ ಶಿಕ್ಷಕನಿಗೆ ಬಾಯಿಪಾಠವಾಗಿರಬೇಕು.

ಸ್ಪರ್ಧೆಯ ನಿಯಮಗಳ ಜ್ಞಾನವೂ ಅಗತ್ಯ. ವಿಶ್ವ ಒಕ್ಕೂಟದ ಕ್ರಮದಲ್ಲಿ ಎದೆಕವಚದ ಮೇಲೆ ಮುಷ್ಟಿಯಿಂದ ಹೊಡೆದರೆ ಒಂದು ಅಂಕ, ಒದೆದರೆ ಎರಡು ಅಂಕ; ತಲೆಯ ಭಾಗಕ್ಕೆ ಒದೆ ತಾಗಿದರೆ ಮೂರು ಅಂಕ; ಮೈ ತಿರುಗಿಸಿ ಒದೆದರೆ ಇನ್ನೂ ಎರಡು ಅಂಕ ಹೆಚ್ಚು. ಮುಖಕ್ಕೆ ಮುಷ್ಟಿಯಿಂದ ಹೊಡೆಯುವುದೂ ಸೊಂಟದ ಕೆಳಗೆ ಹೊಡೆಯುವುದೂ ನಿಷಿದ್ಧ. ಒಲಿಂಪಿಕ್ಸಿನಲ್ಲಿ ಪುರುಷರಿಗೆ ನಾಲ್ಕು, ಮಹಿಳೆಯರಿಗೆ ನಾಲ್ಕು ತೂಕದ ವರ್ಗಗಳಿವೆ. ಪುರುಷರ ಅತ್ಯಂತ ಕಡಿಮೆ ತೂಕದ ವರ್ಗ ೫೮ ಕಿಲೋಗ್ರಾಂ, ಮಹಿಳೆಯರದು ೪೯. ಮಾನಸೋಲ್ಲಾಸದ ವರ್ಗೀಕರಣದ ಹಿಂದಿದ್ದ ವಿವೇಕವೇ ಇಲ್ಲಿಯೂ ಇದೆ. ಆದರೆ ಈ ತೂಕದ ಲೆಕ್ಕವು ಒಂದು ಆಮಿಷವನ್ನೂ ಒಡ್ಡುತ್ತದೆ. ಕೆಳಗಿನ ವರ್ಗದಲ್ಲಿ ಸುಲಭವಾಗಿ ಗೆಲ್ಲಬಹುದೆಂದು ಮಕ್ಕಳನ್ನು ಉಪವಾಸ ಕೆಡಹುವ, ನೀರು ಬಿಡಿಸುವ ಶಿಕ್ಷಕರುಂಟು. ಬೆಳೆಯುವ ಮಗುವಿನ ಊಟದಿಂದ ಕಸಿದು ತಂದ ಪದಕವು ಭೂಷಣವಾಗಲಾರದು.

ಇಂತಹ ಜ್ಞಾನವನ್ನು ಕ್ರಮವಾಗಿ ಕಲಿಸಲೆಂದೇ ನಮ್ಮ ದೇಶದಲ್ಲಿ ಸಂಸ್ಥೆಗಳಿವೆ. ೧೯೬೧ರಲ್ಲಿ ಪಂಜಾಬಿನ ಪಟಿಯಾಲದ ಮೋತಿಬಾಗ್ ಅರಮನೆಯಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ಆರಂಭವಾಯಿತು. ಮುಂದೆ ಅದಕ್ಕೆ ನೇತಾಜಿ ಸುಭಾಷರ ಹೆಸರನ್ನು ಇಡಲಾಯಿತು. ಈಗ ಅದು ಭಾರತೀಯ ಕ್ರೀಡಾ ಪ್ರಾಧಿಕಾರದ ಅಂಗವಾಗಿದೆ. ಪ್ರಾಧಿಕಾರದ ದಕ್ಷಿಣ ಕೇಂದ್ರವು ಬೆಂಗಳೂರಿನಲ್ಲಿದೆ. ಈ ಸಂಸ್ಥೆಯ ಕ್ರೀಡಾ ತರಬೇತಿಯ ಡಿಪ್ಲೊಮಾ ಪಡೆಯುವವರು ತಮ್ಮ ಆಟದ ಜೊತೆಗೆ ಶರೀರಶಾಸ್ತ್ರ, ಮನಶ್ಶಾಸ್ತ್ರ, ಚಲನೆಯ ಶಾಸ್ತ್ರ, ಆಹಾರಶಾಸ್ತ್ರಗಳನ್ನೂ ಓದಬೇಕು. ಡಾನ್ ಪದವಿಯು ವಿದ್ಯೆಯ ಆಳವನ್ನು ತೋರಿಸಿದರೆ ಡಿಪ್ಲೊಮಾ ಬೋಧನೆಯ ಕ್ರಮವನ್ನು ತೋರಿಸುತ್ತದೆ. ಎರಡೂ ಇದ್ದರೆ ಎತ್ತಿನ ಗಾಡಿಗೆ ಎರಡು ಎತ್ತುಗಳನ್ನು ಹೂಡಿದಂತೆ.

ಶಿಕ್ಷಕನು ಸ್ವತಃ ಜಗಜ್ಜೆಟ್ಟಿಯಾಗಿರಲೇಬೇಕೆಂಬ ನಿಯಮವಿಲ್ಲ. ಇದಕ್ಕೆ ನಿದರ್ಶನವು ಬಳ್ಳಾರಿ ಜಿಲ್ಲೆಯಲ್ಲಿಯೇ ಇದೆ. ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ ೨೦೧೮ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ, ಜೂಡೊ, ಬಾಕ್ಸಿಂಗ್ ಮೊದಲಾದ ಆಟಗಳ ತರಬೇತಿ ನಡೆಯುತ್ತದೆ. ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಅವರು ಅಭ್ಯಾಸ ಮಾಡಿದ ಸ್ಥಳಗಳಲ್ಲಿ ಅದೂ ಒಂದು. ೨೦೨೧ರ ಆಗಸ್ಟ್ ತಿಂಗಳಲ್ಲಿ ಟೋಕಿಯೊದಲ್ಲಿ ೮೭.೫೮ ಮೀಟರ್ ದೂರ ಎಸೆದು ಅವರು ಚಿನ್ನದ ಪದಕ ಗೆದ್ದಾಗ ಅವರ ತರಬೇತುದಾರರಾಗಿದ್ದವರು ಜರ್ಮನಿಯ ಕ್ಲಾಸ್ ಬಾರ್ಟೊನಿಯೆಟ್ಜ್. ಅವರ ಹೆಸರು ಪ್ರಸಿದ್ಧವಾದುದು ಎಸೆತದಿಂದಲ್ಲ. ದೇಹದ ಚಲನೆಯನ್ನು ಕುರಿತ ಶಾಸ್ತ್ರದ ಪಾಂಡಿತ್ಯದಿಂದ. ಶಿಷ್ಯನ ಭುಜವು ಯಾವ ಕ್ಷಣದಲ್ಲಿ ಎಷ್ಟು ತಿರುಗಬೇಕೆಂಬುದನ್ನು ಕಾಣುವ ಕಣ್ಣು ಅವರಲ್ಲಿತ್ತು. ಆ ಕಣ್ಣೇ ಗುರುವಿನ ನಿಜವಾದ ಆಸ್ತಿ.

ಬೆಳ್ಳಗಿರುವುದೆಲ್ಲ ಹಾಲಲ್ಲ, ಹಾಗೆಯೇ ಕಪ್ಪಗಿರುವ ನಡುಪಟ್ಟಿಗಳೆಲ್ಲವೂ ಡಾನ್ ಪದವಿಗಳಲ್ಲ. ಪಟ್ಟಿಯನ್ನು ಅಂಗಡಿಯಲ್ಲಿ ಯಾರಾದರೂ ಕೊಳ್ಳಬಹುದು. ಬಣ್ಣದ ಕಾಗದದ ಮೇಲೆ ಮುದ್ರೆಯೊತ್ತಿಸಿ ಪ್ರಮಾಣಪತ್ರ ಮಾಡಿಕೊಳ್ಳುವುದೂ ಕಷ್ಟವಲ್ಲ. ಇದರ ಜೊತೆಗೆ ನಮ್ಮ ದೇಶದಲ್ಲಿ ಟೇಕ್ವಾಂಡೊ ಸಂಘಗಳ ನಡುವೆ ಯಾರು ಅಧಿಕೃತರೆಂಬ ವಿವಾದಗಳು ಎದ್ದು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಉಂಟು. ಹಿರಿಯರ ಜಗಳದಲ್ಲಿ ನಷ್ಟವಾಗುವುದು ಕಿರಿಯರಿಗೆ. ಹಳ್ಳಿಯ ರೈತನು ಸಾಲಮಾಡಿ ಶುಲ್ಕ ತೆತ್ತು ಮಗನಿಗೆ ಕೊಡಿಸಿದ ಪ್ರಮಾಣಪತ್ರವು ಮುಂದಿನ ಸ್ಪರ್ಧೆಯ ಬಾಗಿಲಲ್ಲಿ ನಡೆಯದ ನಾಣ್ಯವಾದರೆ ಆ ಹುಡುಗನ ವರ್ಷಗಳನ್ನು ಹಿಂದಕ್ಕೆ ಕೊಡುವವರು ಯಾರು? ಆದುದರಿಂದ ಮಕ್ಕಳನ್ನು ಸೇರಿಸುವ ಮೊದಲು ತಂದೆತಾಯಿಗಳು ಕೆಲವು ಪ್ರಶ್ನೆಗಳನ್ನು ಕೇಳುವುದು ಅವಿನಯವಲ್ಲ. ಶಿಕ್ಷಕರು ಯಾವ ಡಾನಿನವರು? ಕುಕ್ಕಿವಾನಿನ ಪ್ರಮಾಣಪತ್ರಕ್ಕೆ ಒಂದು ಸಂಖ್ಯೆಯಿರುತ್ತದೆ. ಆ ಸಂಖ್ಯೆಯಿಂದ ಅದರ ಸಾಚಾತನವನ್ನು ಪರಿಶೀಲಿಸಬಹುದು. ಅವರು ಯಾರ ಬಳಿ ಕಲಿತರು? ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿದ್ದಾರೆಯೇ? ಅಭ್ಯಾಸದ ಹೊತ್ತಿನಲ್ಲಿ ಪಾಲಕರು ಬಂದು ನೋಡಲು ಅವಕಾಶವುಂಟೇ? ಯೋಗ್ಯನಾದ ಗುರುವು ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರಿಸುತ್ತಾನೆ. ಸಿಟ್ಟಾಗುವವನು ತನ್ನ ಉತ್ತರವನ್ನು ಸಿಟ್ಟಿನಲ್ಲಿಯೇ ಕೊಟ್ಟಂತಾಯಿತು.

ಹೆಣ್ಣುಮಕ್ಕಳ ಆತ್ಮರಕ್ಷಣೆಯ ವಿಷಯದಲ್ಲಿ ಗುರುವಿನ ಹೊಣೆ ಇನ್ನೂ ಹೆಚ್ಚು. ಸರ್ಕಾರಿ ಶಾಲೆಗಳ ಆರರಿಂದ ಹನ್ನೆರಡನೆಯ ತರಗತಿಯ ಬಾಲಕಿಯರಿಗಾಗಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣಾ ತರಬೇತಿಯ ಯೋಜನೆಯೊಂದು ರೂಪುಗೊಂಡಿದೆ. ನೆರೆಯ ಚಿತ್ರದುರ್ಗದ ಓಬವ್ವನ ಕಥೆಯನ್ನು ಬಳ್ಳಾರಿಯ ಮಕ್ಕಳೆಲ್ಲರೂ ಬಲ್ಲರು. ಒನಕೆಯೊಂದೇ ಕೋಟೆಯನ್ನು ಕಾಪಾಡಲಿಲ್ಲ. ಶತ್ರುಗಳು ಒಬ್ಬೊಬ್ಬರಾಗಿ ಮಾತ್ರ ನುಸುಳಬಲ್ಲ ಕಿಂಡಿಯ ಬದಿಯಲ್ಲಿ ನಿಲ್ಲಬೇಕೆಂಬ ಸಮಯಪ್ರಜ್ಞೆ ಅವಳ ತೋಳಿನ ಬಲಕ್ಕಿಂತ ಹಿರಿದಾಗಿತ್ತು. ಪ್ರಾಮಾಣಿಕನಾದ ಶಿಕ್ಷಕನು ಈ ಸಮಯಪ್ರಜ್ಞೆಯನ್ನೇ ಮೊದಲು ಕಲಿಸುತ್ತಾನೆ. ಅಪಾಯವನ್ನು ಮೊದಲೇ ಗುರುತಿಸುವುದು, ಗಟ್ಟಿಯಾಗಿ ಕೂಗುವುದು, ಹಿಡಿತವನ್ನು ಬಿಡಿಸಿಕೊಂಡು ಓಡುವುದು, ನಂಬುವ ಹಿರಿಯರಿಗೆ ತಿಳಿಸುವುದು ಆತ್ಮರಕ್ಷಣೆಯ ಮೊದಲ ಪಾಠಗಳು; ಹೊಡೆತ ಕೊನೆಯ ಪಾಠ. ಮೂರು ತಿಂಗಳ ಅಭ್ಯಾಸದಿಂದ ಯಾರನ್ನಾದರೂ ಕೆಡಹಬಲ್ಲೆ ಎಂಬ ಭ್ರಮೆಯನ್ನು ಹುಟ್ಟಿಸುವವನು ಬಾಲಕಿಗೆ ರಕ್ಷಣೆಯನ್ನಲ್ಲ, ಹೊಸದೊಂದು ಅಪಾಯವನ್ನು ಕೊಡುತ್ತಾನೆ. ಕಲಿಸುವ ನೆಪದಲ್ಲಿ ಅಸಭ್ಯವಾಗಿ ವರ್ತಿಸುವವನು ಎಷ್ಟನೆಯ ಡಾನಿನವನಾದರೂ ಗುರುವಲ್ಲ, ಅಪರಾಧಿ. ಮಕ್ಕಳನ್ನು ಅಂತಹವರಿಂದ ರಕ್ಷಿಸಲು ೨೦೧೨ರಲ್ಲಿ ಕಾನೂನು ಬಂದಿದೆ. ೧೦೯೮ ಎಂಬ ಮಕ್ಕಳ ಸಹಾಯವಾಣಿಯೂ ಇದೆ.

ಟೇಕ್ವಾಂಡೊವಿನ ಅಂತರರಾಷ್ಟ್ರೀಯ ಒಕ್ಕೂಟವು ಐದು ಶೀಲಗಳನ್ನು ಹೇಳುತ್ತದೆ. ಅವು ವಿನಯ, ಪ್ರಾಮಾಣಿಕತೆ, ದೃಢಪ್ರಯತ್ನ, ಆತ್ಮಸಂಯಮ ಮತ್ತು ಅಜೇಯವಾದ ಮನೋಬಲ. ಈ ಐದರಲ್ಲಿ ಕಾಲಿನ ಬಲವಾಗಲಿ ಕೈಯ ವೇಗವಾಗಲಿ ಸೇರಿಲ್ಲ ಎಂಬುದನ್ನು ಗಮನಿಸಬೇಕು. ಅಂಕಣಕ್ಕೆ ಇಳಿಯುವ ಮೊದಲು ತಲೆಬಾಗುವುದು, ಹೊಡೆದಾಡಿದ ಬಳಿಕ ಮತ್ತೆ ತಲೆಬಾಗುವುದು ಅಲ್ಲಿಯ ಪದ್ಧತಿ. ಗರಡಿಗೆ ಕಾಲಿಡುವ ಮೊದಲು ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುವ ಪೈಲ್ವಾನನ ನಮಸ್ಕಾರಕ್ಕೂ ಇದಕ್ಕೂ ಭಾಷೆಯಲ್ಲಿ ಮಾತ್ರ ಭೇದ.

ಇಷ್ಟು ದೀರ್ಘವಾದ ದಾರಿಯಲ್ಲಿ ನಡೆದು ಬಂದವರಿಗೆ ದೊರೆಯುವ ಪ್ರತಿಫಲವೇನು? ಸಣ್ಣ ಪಟ್ಟಣದಲ್ಲಿ ಕಲಿಸುವವನಿಗೆ ದೊಡ್ಡ ಸಂಪಾದನೆಯಾಗುವುದು ಅಪರೂಪ. ಬಳ್ಳಾರಿಯಿಂದ ಕುರುಗೋಡಿಗೂ, ಅಲ್ಲಿಂದ ಮುಂದೆ ಸಿರುಗುಪ್ಪಕ್ಕೂ ಬಸ್ಸಿನಲ್ಲಿ ಓಡಾಡಿ ಮೂರು ಕಡೆಗಳಲ್ಲಿ ಪಾಠ ಹೇಳಿದರೂ ಜೀವನ ಸಾಗಿಸುವುದು ಸುಲಭವಲ್ಲ. ಪರೀಕ್ಷಾಶುಲ್ಕದ ಆಸೆಗೆ ಬಿದ್ದು ಬೇಗಬೇಗನೆ ಪಟ್ಟಿಗಳನ್ನು ಹಂಚುವವರು ಹುಟ್ಟಿಕೊಳ್ಳುವುದು ಇಂತಹ ಒತ್ತಡದಿಂದಲೇ. ಮಕ್ಕಳಿಗೆ ಯೋಗ್ಯ ಗುರು ಬೇಕೆಂದು ಬಯಸುವ ಊರು ಆ ಗುರುವಿನ ಅನ್ನಕ್ಕೆ ದಾರಿ ಮಾಡಬೇಕಾದುದೂ ನ್ಯಾಯ. ಹಿಂದೆ ಗರಡಿಯ ಉಸ್ತಾದನನ್ನು ಊರು ಸಾಕಿತು. ಇಂದು ಶಾಲೆಗಳೂ ಸ್ಥಳೀಯ ಸಂಸ್ಥೆಗಳೂ ಆ ಹೊಣೆಯನ್ನು ಹೊರಬಹುದು.

ಭತ್ತದ ಪೈರನ್ನು ಎಳೆದು ಉದ್ದ ಮಾಡಲಾಗದು. ಬಿತ್ತನೆ, ನಾಟಿ, ಕಳೆ, ನೀರು, ಕಾವಲು ಎಲ್ಲವೂ ಕ್ರಮವಾಗಿ ನಡೆದ ಮೇಲೆಯೇ ತೆನೆ ಬಾಗುತ್ತದೆ. ಗುರುಪದವಿಯೂ ಹಾಗೆಯೇ. ಬಿಳಿಯಿಂದ ಕಪ್ಪಿಗೆ, ಕಪ್ಪಿನಿಂದ ನಾಲ್ಕನೆಯ ಡಾನಿಗೆ, ಅಲ್ಲಿಂದ ಬೋಧನೆಯ ಶಾಸ್ತ್ರಕ್ಕೆ ಏರುವ ಮೆಟ್ಟಿಲುಗಳಲ್ಲಿ ಯಾವುದನ್ನೂ ಹಾರಿ ದಾಟುವಂತಿಲ್ಲ. ಹತ್ತು ಹಲಗೆಗಳನ್ನು ಒಡೆದ ಕೈಗೆ ಜನರು ಚಪ್ಪಾಳೆ ತಟ್ಟುತ್ತಾರೆ. ಆದರೆ ತಡವರಿಸಿದ ಮಗುವನ್ನು ಸಕಾಲದಲ್ಲಿ ತಡೆದು ನಿಲ್ಲಿಸಿದ ಕೈಯನ್ನು ಯಾರೂ ಗಮನಿಸುವುದಿಲ್ಲ. ಆ ಗಮನಿಸದ ಕೈಗೇ ಗುರುವೆಂಬ ಹೆಸರು ಸಲ್ಲತಕ್ಕದ್ದು.